ಪಿಎಂಆರ್-15 ಕ್ಯೂರ್ ಮಾಡುವುದು ಹೇಗೆ, ಅಳೆಯುವುದು ಹೇಗೆ: ಗ್ಯಾಸಿನ ಲೆಕ್ಕದಿಂದ ಶುರು ಮಾಡಿ

ಎಪಾಕ್ಸಿಯಲ್ಲಿ ಕೈ ಪಳಗಿಸಿಕೊಂಡು ಪಾಲಿಇಮೈಡಿಗೆ, ಅಂದರೆ ಜಾಸ್ತಿ ಬಿಸಿ ತಡೆಯುವ ರೆಸಿನಿಗೆ, ಬರುವವರು ಸಾಮಾನ್ಯವಾಗಿ ಮೊದಲ ಲ್ಯಾಮಿನೇಟಿನಲ್ಲೇ (ನಾರು ಮತ್ತು ರೆಸಿನ್ ಪದರ ಪದರವಾಗಿ ಸೇರಿದ ಹಲಗೆ) ತಬ್ಬಿಬ್ಬಾಗುತ್ತಾರೆ. ಚಾರ್ಟ್ ಪ್ರಕಾರವೇ ಬಿಸಿ ಕೊಟ್ಟಿರುತ್ತಾರೆ, ಒತ್ತಡವನ್ನೂ ಕೊಟ್ಟಿರುತ್ತಾರೆ. ಆದರೂ ಕತ್ತರಿಸಿ ನೋಡಿದರೆ ಒಳಗೆಲ್ಲ ತೂತು. ಎಪಾಕ್ಸಿ ಗಟ್ಟಿಯಾಗುವಾಗ ಹೊರಗೆ ಏನನ್ನೂ ಬಿಡುವುದಿಲ್ಲ. ಪಿಎಂಆರ್ (ಚಿಕ್ಕ ಅಣುಗಳನ್ನೇ ನಾರಿಗೆ ಹಚ್ಚಿ ಅಲ್ಲೇ ಪಾಲಿಮರ್ ಮಾಡುವ) ಜಾತಿಯ ಪಾಲಿಇಮೈಡ್ ಮಾತ್ರ ಮೂರು ಸಲ ಗ್ಯಾಸ್ ಬಿಡುತ್ತದೆ. ಮೊದಲು ದ್ರಾವಕ, ಆಮೇಲೆ ನೀರು ಮತ್ತು ಮೆಥನಾಲ್, ಕೊನೆಗೆ ಸೈಕ್ಲೋಪೆಂಟಡೈಯೀನ್. ಮೊದಲ ಎರಡನ್ನು ಹೊರಗೆ ಕಳಿಸಬೇಕು. ಮೂರನೆಯದನ್ನು ಒಳಗೇ ಹಿಡಿದಿಡಬೇಕು. ಕ್ಯೂರ್, ಅಂದರೆ ರೆಸಿನ್ ಬೇಯಿಸಿ ಗಟ್ಟಿ ಮಾಡುವುದು; ಅದರ ಚಾರ್ಟಿನ ಹೆಚ್ಚಿನ ಗೆರೆಗಳು ಇದಕ್ಕಾಗಿಯೇ ಇರುವುದು.

ಈ ಲೇಖನದಲ್ಲಿ ಉದಾಹರಣೆಗೆ ಪಿಎಂಆರ್-15 ತೆಗೆದುಕೊಂಡಿದ್ದೇನೆ. ಇದಕ್ಕಿಂತ ಹೊಸ ರೆಸಿನ್‌ಗಳು ಬೇಕಾದಷ್ಟಿವೆ. ಆದರೆ ಕ್ಯೂರ್ ಕಲಿಯುವುದಕ್ಕೆ ಇದರಷ್ಟು ಒಳ್ಳೆಯ ಮೇಷ್ಟ್ರು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. 1970ರ ದಶಕದ ಶುರುವಿನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ನಾಸಾ ಲೂಯಿಸ್ ಕೇಂದ್ರದಲ್ಲಿ, ಈಗ ಗ್ಲೆನ್ ಅನ್ನುವ ಕಡೆ, ಟಿಟೊ ಸೆರಾಫಿನಿ, ಪೀಟರ್ ಡೆಲ್ವಿಗ್ಸ್ ಮತ್ತು ಜಾರ್ಜ್ ಲೈಟ್‌ಸಿ ಇದನ್ನು ರೂಪಿಸಿದರು. 15 ಅಂದರೆ ಲೆಕ್ಕ ಹಾಕಿ ಇಟ್ಟ ಅಣುತೂಕ 1500. ಮುಂದೆ ಜಿಇ ಕಂಪನಿಯ ಎಫ್404 ಜೆಟ್ ಎಂಜಿನ್ನಿನ ಹೊರ ಬೈಪಾಸ್ ಡಕ್ಟಿಗೆ ಟೈಟೇನಿಯಂ ಬದಲು ಕಾರ್ಬನ್ ಬಟ್ಟೆ ಮತ್ತು ಪಿಎಂಆರ್-15 ಬಂತು. ಇದೇ ಎಂಜಿನ್ ಕುಟುಂಬದ ಐಎನ್20 ಮಾದರಿ ನಮ್ಮ ತೇಜಸ್ ವಿಮಾನದಲ್ಲಿದೆ. ಸುಮಾರು 288 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾವಿರಾರು ಗಂಟೆ ಬಾಳುವ ರೆಸಿನ್ ಅಂತ ಇದಕ್ಕೆ ಹೆಸರು. ಮುಂದೆ ಡಿಗ್ರಿ ಅಂದಲ್ಲೆಲ್ಲ ಸೆಲ್ಸಿಯಸ್ಸೇ.

ಪಾಲಿಇಮೈಡ್ ಅಂದ ಕೂಡಲೇ ಇಸ್ರೋ ಉಪಗ್ರಹಗಳಿಗೆ ಹೊದಿಸಿರುವ ಬಂಗಾರದ ಬಣ್ಣದ ಹಾಳೆ ನೆನಪಾಗಬಹುದು. ಅದು ಕ್ಯಾಪ್ಟಾನ್ ಥರದ ಪಾಲಿಇಮೈಡ್ ಹಾಳೆ. ಅದರ ಹಿಂದೆ ಅಲ್ಯೂಮಿನಿಯಂ ಲೇಪ ಇರುತ್ತದೆ. ಹಾಳೆ ತೀರಾ ತೆಳು, ಆದ್ದರಿಂದ ಮಾಡುವಾಗ ಹುಟ್ಟುವ ನೀರು ಸಲೀಸಾಗಿ ಹೊರಗೆ ಹೋಗುತ್ತದೆ. ನಾಲ್ಕು ಮಿಲಿಮೀಟರ್ ದಪ್ಪದ ಲ್ಯಾಮಿನೇಟಿಗೆ ಆ ಅನುಕೂಲ ಇಲ್ಲ. ನಮ್ಮ ತೊಂದರೆ ಶುರುವಾಗುವುದೇ ಅಲ್ಲಿ.

ಎಲ್ಲಕ್ಕಿಂತ ಮೊದಲು, ಎಂಡಿಎ

ಪಿಎಂಆರ್-15ರಲ್ಲಿ ಮೂರು ಮಾನೋಮರ್, ಅಂದರೆ ಸರಪಳಿ ಕಟ್ಟುವ ಚಿಕ್ಕ ಅಣುಗಳು, ಇರುತ್ತವೆ. ನಾಡಿಕ್ ಆಮ್ಲದ ಮಾನೋಮೀಥೈಲ್ ಎಸ್ಟರ್, ಇದಕ್ಕೆ ಎನ್ಇ ಅನ್ನುತ್ತಾರೆ. ಬೆಂಜೋಫಿನೋನ್ ಟೆಟ್ರಾಕಾರ್ಬಾಕ್ಸಿಲಿಕ್ ಆಮ್ಲದ ಡೈಮೀಥೈಲ್ ಎಸ್ಟರ್, ಇದು ಬಿಟಿಡಿಇ. ಮತ್ತೆ ಮೆಥಿಲೀನ್ ಡೈಅನಿಲೀನ್, ಅಂದರೆ ಎಂಡಿಎ. ಈ ಕೊನೆಯದು ಯಕೃತ್ತಿಗೆ ವಿಷ. ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲೂ ಇದೆ. 1965ರಲ್ಲಿ ಇಂಗ್ಲೆಂಡಿನ ಎಪಿಂಗ್ ಊರಿನಲ್ಲಿ 84 ಜನರಿಗೆ ಕಾಮಾಲೆ ಬಂತು. ವ್ಯಾನಿನಲ್ಲಿ ಎಂಡಿಎ ಚೆಲ್ಲಿ, ಅದೇ ವ್ಯಾನಿನಲ್ಲಿದ್ದ ಹಿಟ್ಟಿನ ಚೀಲಕ್ಕೆ ಸೇರಿತ್ತು. ಜನ ತಿಂದದ್ದು ಆ ಹಿಟ್ಟಿನ ಬ್ರೆಡ್.

ಲ್ಯಾಬಿನಲ್ಲಿ ಯಾರೂ ಅದನ್ನು ತಿನ್ನುವುದಿಲ್ಲ ನಿಜ. ಆದರೆ ಇದು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಅಮೆರಿಕದ ಕಾರ್ಮಿಕರ ಸುರಕ್ಷತಾ ಸಂಸ್ಥೆ ಓಶಾ 1992ರಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಇದಕ್ಕೆ ಇಟ್ಟ ಮಿತಿ ನೂರು ಕೋಟಿಯಲ್ಲಿ 10 ಭಾಗ ಮಾತ್ರ. ಹಾಗಾಗಿ ತೂಗುವುದು, ಕರಗಿಸುವುದು ಎಲ್ಲ ಫ್ಯೂಮ್ ಹುಡ್ ಒಳಗೇ ಆಗಲಿ. ಯಾವ ಗ್ಲೌಸ್ ತಡೆಯುತ್ತದೆ ಅನ್ನುವುದನ್ನು ಸುರಕ್ಷತಾ ಹಾಳೆಯಲ್ಲಿ ನೋಡಿ, ಎರಡು ಜೊತೆ ಹಾಕಿ, ಆಗಾಗ ಬದಲಿಸಿ. ತುಂಬ ಜನ ಮರೆಯುವ ಇನ್ನೊಂದು ವಿಷಯ ಉಂಟು. ರೆಸಿನ್ ಹೀರಿಸಿ ಇಟ್ಟ, ಇನ್ನೂ ಬೇಯದ ನಾರಿನ ಹಾಳೆಗೆ ಪ್ರಿಪ್ರೆಗ್ ಅನ್ನುತ್ತಾರೆ. ಪ್ರಿಪ್ರೆಗ್‌ನಲ್ಲೂ ಎಂಡಿಎ ಇನ್ನೂ ಬಿಡಿಯಾಗಿಯೇ ಇರುತ್ತದೆ. ಹಾಳೆ ಕತ್ತರಿಸುವವರು, ಪದರ ಜೋಡಿಸುವವರು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ನಿಮ್ಮ ಲ್ಯಾಬಿನಲ್ಲಿ ಈ ವ್ಯವಸ್ಥೆ ಇಲ್ಲದಿದ್ದರೆ ಸುಮ್ನೆ ಧೈರ್ಯ ಮಾಡಬೇಡಿ. ಎಂಡಿಎ ಇಲ್ಲದ ರೆಸಿನ್ ತರಿಸಿ. ಮುಂದಿನ ಅಳತೆಗಳ ಕ್ರಮ ಅದಕ್ಕೂ ಹೆಚ್ಚುಕಡಿಮೆ ಇದೇ.

ಹಾಳೆ ಪೆನ್ಸಿಲ್ ತೆಗೆದುಕೊಳ್ಳಿ

ಯಂತ್ರದ ಹತ್ತಿರ ಹೋಗುವ ಮೊದಲು ಎಷ್ಟು ಗ್ಯಾಸ್ ಬರುತ್ತದೆ ಅಂತ ಲೆಕ್ಕ ಹಾಕಿ. ಎನ್ಇ, ಎಂಡಿಎ, ಬಿಟಿಡಿಇಗಳ ಮೋಲ್ ಅನುಪಾತ 2 : 3.087 : 2.087. ಅಣುತೂಕ ಕ್ರಮವಾಗಿ 196.2, 198.3, 386.3. ಗುಣಿಸಿ ಕೂಡಿದರೆ ಸುಮಾರು 1811 ಗ್ರಾಂ ಮಾನೋಮರ್. ಇಮೈಡ್ ಆದ ಮೇಲೆ, ಅಂದರೆ ಇವು ಸೇರಿ ಸಾರಜನಕವಿರುವ ಉಂಗುರದ ಕೊಂಡಿ ಕಟ್ಟಿದ ಮೇಲೆ, ಉಳಿಯುವುದು ಸುಮಾರು 1500 ಗ್ರಾಂ. ನಡುವಿನ 309 ಗ್ರಾಂ ಎಲ್ಲಿ ಹೋಯಿತು? ಸುಮಾರು 198 ಗ್ರಾಂ ಮೆಥನಾಲ್ ಆಗಿ, 111 ಗ್ರಾಂ ನೀರಾಗಿ ಹೊರಗೆ ಹೋಯಿತು. ಅಂದರೆ ಮಾನೋಮರ್ ತೂಕದ 17 ಶೇಕಡಾ.

ಈ 17 ಶೇಕಡಾ ಚಿಕ್ಕದಾಗಿ ಕಾಣುತ್ತದೆ, ಅಲ್ವಾ? ಅದನ್ನೇ ಲೀಟರಿಗೆ ತಿರುಗಿಸಿ ನೋಡಿ. 100 ಗ್ರಾಂ ಮಾನೋಮರಿನಿಂದ 200 ಡಿಗ್ರಿಯಲ್ಲಿ, ಸಾಮಾನ್ಯ ಗಾಳಿಯೊತ್ತಡದಲ್ಲಿ, ಸುಮಾರು 26 ಲೀಟರ್ ಆವಿ. ಇದು ರಾಸಾಯನಿಕ ಕ್ರಿಯೆಯಿಂದ ಹುಟ್ಟುವುದು ಮಾತ್ರ. ಕರಗಿಸಲು ಹಾಕಿದ ಮೆಥನಾಲ್ ಬೇರೆ. ಇಷ್ಟು ಗ್ಯಾಸ್ ಒಳಗಿರುವಾಗ ಬಾಗಿಲು ಮುಚ್ಚಿ ಒತ್ತಿದರೆ ತೂತು ಬೀಳದೆ ಇನ್ನೇನಾಗುತ್ತದೆ!

ಮೂರನೆಯ ಗ್ಯಾಸಿನ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡೋಣ. ಇಮೈಡ್ ಸರಪಳಿಯ ಎರಡು ತುದಿಗೂ ನಾಡಿಕ್ ಗುಂಪು ಇರುತ್ತದೆ. ಜಾಸ್ತಿ ಬಿಸಿಯಲ್ಲಿ ಇದು ಹಿಮ್ಮುಖ ಡೀಲ್ಸ್-ಆಲ್ಡರ್ ಕ್ರಿಯೆಯಿಂದ ಬಿಚ್ಚಿಕೊಂಡು ಸೈಕ್ಲೋಪೆಂಟಡೈಯೀನ್ ಬಿಡುತ್ತದೆ. ತುದಿಯಲ್ಲಿ ಮಾಲಿಮೈಡ್ ಉಳಿಯುತ್ತದೆ. ಎರಡೂ ತುದಿ ಪೂರ್ತಿ ಬಿಚ್ಚಿಕೊಂಡು ಎಲ್ಲವೂ ಹಾರಿಹೋದರೆ 1500ರಲ್ಲಿ 132 ಹೋದ ಹಾಗೆ, ಸುಮಾರು 9 ಶೇಕಡಾ. ಹಾರಿಹೋಗಲು ಬಿಡದಿದ್ದರೆ ಅದೇ ಅಣು ಮತ್ತೆ ತುದಿಗಳ ಜೊತೆ ಸೇರಿ ಜಾಲದ ಭಾಗವಾಗುತ್ತದೆ. ಸೈಕ್ಲೋಪೆಂಟಡೈಯೀನ್ ಕುದಿಯುವುದು ಬರೀ 41 ಡಿಗ್ರಿಯಲ್ಲಿ. 316 ಡಿಗ್ರಿಯಲ್ಲಿ ಅದನ್ನು ಒಳಗೇ ಇಡಬೇಕು ಅಂದರೆ ಒತ್ತಡ ಬೇಕೇ ಬೇಕು.

ದ್ರಾವಣ

ಇದು ಸುಲಭದ ಕೆಲಸ. ಬಿಟಿಡಿಎ ಡೈಅನ್‌ಹೈಡ್ರೈಡನ್ನು ನೀರಿನಂಶ ಇಲ್ಲದ ಮೆಥನಾಲಿನಲ್ಲಿ ಹಾಕಿ, ಪುಡಿ ಕರಗಿ ತಿಳಿಯಾಗುವವರೆಗೆ ರಿಫ್ಲಕ್ಸ್ ಮಾಡಿ, ಅಂದರೆ ಆವಿ ತಣಿದು ಮತ್ತೆ ಪಾತ್ರೆಗೇ ಬೀಳುವ ಹಾಗೆ ಕುದಿಸಿ. ಸಾಮಾನ್ಯವಾಗಿ ಒಂದೆರಡು ಗಂಟೆ. ಅದು ಬಿಟಿಡಿಇ ಆಯಿತು. ತಣ್ಣಗಾದ ಮೇಲೆ ಎನ್ಇ ಮತ್ತು ಎಂಡಿಎ ಸೇರಿಸಿ ಕಲಕಿ. 100 ಗ್ರಾಂ ಮಾನೋಮರ್ ಬೇಕಿದ್ದರೆ ಎನ್ಇ 21.7 ಗ್ರಾಂ, ಎಂಡಿಎ 33.8 ಗ್ರಾಂ, ಬಿಟಿಡಿಇ 44.5 ಗ್ರಾಂ. ಬಿಟಿಡಿಇಗಾಗಿ ತೂಗಬೇಕಾದ ಬಿಟಿಡಿಎ 37.1 ಗ್ರಾಂ. ತೂಕದಲ್ಲಿ ಅರ್ಧ ಮಾನೋಮರ್, ಅರ್ಧ ಮೆಥನಾಲ್ ಇರುವ ದ್ರಾವಣ ಸಾಮಾನ್ಯ.

ಮಾಡಿದ ದ್ರಾವಣವನ್ನು ಮೇಜಿನ ಮೇಲೆ ಬಿಡಬೇಡಿ. ಮೆಥನಾಲ್ ನಿಧಾನವಾಗಿ ಬಿಟಿಡಿಇ ಮೇಲೆ ಇನ್ನೂ ಕೂತು ಟ್ರೈಎಸ್ಟರ್, ಟೆಟ್ರಾಎಸ್ಟರ್ ಮಾಡುತ್ತದೆ. ಇವು ಅಮೀನ್ (ಇಲ್ಲಿ ಎಂಡಿಎ) ಜೊತೆ ಸರಿಯಾಗಿ ಸೇರುವುದಿಲ್ಲ. ಆಮೇಲೆ ಎಷ್ಟು ಬಿಸಿ ಮಾಡಿದರೂ ಟಿಜಿ (ರೆಸಿನ್ ಮೆದುವಾಗುವ ತಾಪ) ಏರುವುದಿಲ್ಲ, ಕಾರಣವೂ ಹೊಳೆಯುವುದಿಲ್ಲ. ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ ಇಡಿ. ಬಾಟಲಿ ಮೇಲೆ ತಾರೀಖು ಬರೆಯಿರಿ.

ಮೊದಲ ಓಟ ಟಿಜಿಎಯಲ್ಲಿ

ಹೆಚ್ಚಿನವರು ನೇರ, ಶಾಖ ಹೀರುವುದು-ಬಿಡುವುದನ್ನು ಅಳೆಯುವ ಡಿಎಸ್‌ಸಿಗೆ ಓಡುತ್ತಾರೆ. ನಾನು ಹೇಳುವುದು ಬೇರೆ: ಮೊದಲು ಟಿಜಿಎ ಮಾಡಿ. ತೂಕ ಎಷ್ಟು ಇಳಿಯಿತು ಅಂತ ಹೇಳುವ ಯಂತ್ರ ಅದು, ಮತ್ತು ಗ್ಯಾಸಿನ ಲೆಕ್ಕ ನಿಮ್ಮ ಕೈಯಲ್ಲಿ ಈಗಾಗಲೇ ಇದೆ. ಸ್ವಲ್ಪ ದ್ರಾವಣವನ್ನು ಹದವಾದ ಬಿಸಿಯಲ್ಲಿ ಒಣಗಿಸಿ ಪುಡಿ ಮಾಡಿ. ಸುಮಾರು 10 ಮಿಲಿಗ್ರಾಂ ಹಾಕಿ, ನೈಟ್ರೋಜನ್ ಹರಿಸಿ, ನಿಮಿಷಕ್ಕೆ 10 ಡಿಗ್ರಿಯಂತೆ ಏರಿಸಿ.

250 ಡಿಗ್ರಿ ಒಳಗೆ ಇಳಿದ ತೂಕವನ್ನು 17 ಶೇಕಡಾ ಜೊತೆ ಹೋಲಿಸಿ. ಜಾಸ್ತಿ ಇಳಿದಿದ್ದರೆ ದ್ರಾವಕ ಉಳಿದಿತ್ತು ಅಂತ ಅರ್ಥ. ಇಲ್ಲವೇ ನಾಡಿಕ್ ಭಾಗ ಸ್ವಲ್ಪ ಹಾರಿಹೋಗಿರಬಹುದು. ಕಡಿಮೆ ಇಳಿದಿದ್ದರೆ ಪುಡಿ ಒಣಗಿಸುವಾಗಲೇ ಕ್ರಿಯೆ ಶುರುವಾಗಿತ್ತು, ಇಲ್ಲವೇ ದ್ರಾವಣ ಹಳೆಯದು. 275 ಡಿಗ್ರಿ ದಾಟಿದ ಮೇಲೆ ಮತ್ತೊಂದು ಚಿಕ್ಕ ಇಳಿತ ಕಾಣಬಹುದು. ಅದು ಸೈಕ್ಲೋಪೆಂಟಡೈಯೀನ್. ಟಿಜಿಎ ಪ್ಯಾನಿನಲ್ಲಿ ಒತ್ತಡ ಇಲ್ಲವಲ್ಲ, ಹಾಗಾಗಿ ಅದು ಅಲ್ಲಿ ತಪ್ಪಿಸಿಕೊಳ್ಳುತ್ತದೆ. ಆಟೋಕ್ಲೇವಿನಲ್ಲಿ, ಅಂದರೆ ಒತ್ತಡ ಕೊಡುವ ಓವನ್ನಿನಲ್ಲಿ, ಅಷ್ಟು ತಪ್ಪಿಸಿಕೊಳ್ಳುವುದಿಲ್ಲ.

ಇದಾದ ಮೇಲೆ ಇನ್ನೊಂದು ಓಟ ಮಾಡಿ. ಈ ಸಲ 200 ಅಥವಾ 220 ಡಿಗ್ರಿಗೆ ಒಯ್ದು ಅಲ್ಲೇ ಒಂದು ಗಂಟೆ ನಿಲ್ಲಿಸಿ. ಗೆರೆ ಯಾವಾಗ ಮಟ್ಟಸವಾಗುತ್ತದೆ ನೋಡಿ. ಒತ್ತಡ ಇಲ್ಲದೆ ಇಮೈಡ್ ಮಾಡುವ ಹಂತಕ್ಕೆ ಎಷ್ಟು ಹೊತ್ತು ಬೇಕು ಅನ್ನುವುದರ ಮೊದಲ ಅಂದಾಜು ಇದು. ನಿಜವಾದ ಲ್ಯಾಮಿನೇಟಿಗೆ ಇದಕ್ಕಿಂತ ಜಾಸ್ತಿ ಹೊತ್ತು ಕೊಡಬೇಕು. ಪುಡಿಯಿಂದ ಆವಿ ಹೊರಗೆ ಬರುವುದಕ್ಕೂ ಇಪ್ಪತ್ತು ಪದರದ ಒಳಗಿಂದ ಬರುವುದಕ್ಕೂ ವ್ಯತ್ಯಾಸ ಇದೆ.

ಇಮೈಡ್ ಆಗಿದೆಯಾ ಅಂತ ಖಚಿತ ಮಾಡಲು, ಇನ್‌ಫ್ರಾರೆಡ್ ಬೆಳಕಿನಿಂದ ಅಣುವಿನ ಕೊಂಡಿ ಗುರುತಿಸುವ ಎಫ್‌ಟಿಐಆರ್ ಸಾಕು. ತರಂಗ ಸಂಖ್ಯೆ 1780, 1720 ಮತ್ತು 1380ರ ಹತ್ತಿರ ಇಮೈಡಿನ ಪೀಕ್‌ಗಳು ಏಳುತ್ತವೆ. 1660ರ ಆಸುಪಾಸಿನ ಅಮೈಡ್ ಪೀಕ್ ಕುಗ್ಗುತ್ತದೆ. ಬೆಂಜೋಫಿನೋನಿನ ಕಾರ್ಬೊನಿಲ್ ಕೂಡ ಅಲ್ಲೇ ಹತ್ತಿರ ಕೂತಿರುತ್ತದೆ, ಆದ್ದರಿಂದ ಆ ಪೀಕನ್ನು ಒಂಟಿಯಾಗಿ ನಂಬಬೇಡಿ. 1500ರ ಬೆಂಜೀನ್ ಉಂಗುರದ ಪೀಕನ್ನು ಅಳತೆಗೋಲಾಗಿ ಇಟ್ಟುಕೊಂಡು 1780ರ ಎತ್ತರವನ್ನು ಅದಕ್ಕೆ ಹೋಲಿಸಿ.

ಡಿಎಸ್‌ಸಿ: ಹಸಿ ಪುಡಿ ಒಂದು ಸಲ, ಇಮೈಡ್ ಆದದ್ದು ಇನ್ನೊಂದು ಸಲ

ಹಸಿ ಮಾನೋಮರ್ ಪುಡಿಯನ್ನು ಓಡಿಸಿದರೆ ಗ್ರಾಫ್ ನಾಲ್ಕು ಕಡೆ ಅಲುಗಾಡುತ್ತದೆ. 100 ಡಿಗ್ರಿ ಒಳಗೆ ಮಾನೋಮರ್ ಕರಗುವುದು. 140ರ ಹತ್ತಿರ ಅಮೈಡ್, ಇಮೈಡ್ ಕ್ರಿಯೆ ಮತ್ತು ಆವಿ ಹೋಗುವುದು, ಇದು ಶಾಖ ಹೀರುವ ದೊಡ್ಡ ಗುಂಡಿ. 175ರಿಂದ 250ರ ನಡುವೆ ಇಮೈಡ್ ಆದ ಚಿಕ್ಕ ಸರಪಳಿಗಳು ಮೆತ್ತಗಾಗುವುದು. ಕೊನೆಗೆ 275ರ ಮೇಲೆ ಶಾಖ ಬಿಡುವ ಗುಡ್ಡ, ಅದೇ ಸರಪಳಿಗಳು ಒಂದಕ್ಕೊಂದು ಹೆಣೆದು ಜಾಲವಾಗುವ ಕ್ರಾಸ್‌ಲಿಂಕ್. ನಿಮಗೆ ಬೇಕಿರುವುದು ಈ ಕೊನೆಯದು. ಆದರೆ ಹಸಿ ಪುಡಿಯಲ್ಲಿ ಮೊದಲಿನ ಗುಂಡಿಗಳು ತಳದ ಗೆರೆಯನ್ನೇ ಕೆಡಿಸಿರುತ್ತವೆ. ಹಾಗಾಗಿ ಓವನ್ನಿನಲ್ಲಿ ಇಮೈಡ್ ಮಾಡಿದ ಪುಡಿಯನ್ನು ಬೇರೆಯಾಗಿ ಓಡಿಸಿ.

ಮುಚ್ಚಿದ ಮಾಮೂಲಿ ಅಲ್ಯೂಮಿನಿಯಂ ಪ್ಯಾನಿಗೆ ಹಸಿ ಪುಡಿ ಹಾಕಿದರೆ ಅದು ಉಬ್ಬಿ ಒಡೆಯುತ್ತದೆ, ಯಂತ್ರದ ಸೆಲ್ ಕೊಳಕಾಗುತ್ತದೆ. ಹಸಿ ಪುಡಿಗೆ ಸೂಜಿ ತೂತಿನ ಮುಚ್ಚಳ. ಕ್ರಾಸ್‌ಲಿಂಕ್ ಅಳೆಯಲು ಒತ್ತಡ ತಡೆಯುವ ಪ್ಯಾನ್ ಸಿಕ್ಕಿದರೆ ಒಳ್ಳೆಯದು. ಓಟದ ಮೊದಲು ಮತ್ತು ಆಮೇಲೆ ಪ್ಯಾನ್ ತೂಗಿ. ತೂಕ ಇಳಿದಿದ್ದರೆ ನೀವು ಅಳೆದ ಶಾಖದಲ್ಲಿ ಆವಿಯ ಪಾಲೂ ಸೇರಿದೆ.

ಪಿಎಂಆರ್-15ರಲ್ಲಿ ಈ ಗುಡ್ಡ ಎಪಾಕ್ಸಿಯಷ್ಟು ದೊಡ್ಡದಿರುವುದಿಲ್ಲ. ನಾಡಿಕ್ ತುದಿ ಬಿಚ್ಚಿಕೊಳ್ಳುವುದು ಶಾಖ ಹೀರುವ ಕೆಲಸ, ಜಾಲ ಕಟ್ಟುವುದು ಶಾಖ ಬಿಡುವ ಕೆಲಸ. ಎರಡೂ ಒಂದೇ ಜಾಗದಲ್ಲಿ ನಡೆದು ಒಂದನ್ನೊಂದು ತಿಂದುಹಾಕುತ್ತವೆ. ಆದ್ದರಿಂದ ಉಳಿದ ಶಾಖ ಸೊನ್ನೆ ಬಂತು, ಕ್ಯೂರ್ 100 ಶೇಕಡಾ ಆಯಿತು ಅಂತ ಬರೆದುಬಿಡುವುದು ಆತುರ. ಕೊನೆಯ ಹತ್ತು ಶೇಕಡಾ ಕ್ಯೂರ್ ಡಿಎಸ್‌ಸಿ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಅದನ್ನು ಟಿಜಿ ಹೇಳುತ್ತದೆ. ಕೈನೆಟಿಕ್ಸ್, ಅಂದರೆ ಕ್ರಿಯೆಯ ವೇಗದ ಲೆಕ್ಕ, ಬೇಕಿದ್ದರೆ ನಿಮಿಷಕ್ಕೆ 2, 5, 10, 20 ಡಿಗ್ರಿ ವೇಗದಲ್ಲಿ ಓಡಿಸಿ ಕಿಸಿಂಜರ್ ವಿಧಾನ ಹಾಕಿ. ಬರುವ ಸಂಖ್ಯೆಯನ್ನು ಎರಡು ಬ್ಯಾಚ್ ಹೋಲಿಸಲು ಬಳಸಿ. ಅದರ ಮೇಲೆಯೇ ದಪ್ಪ ಭಾಗದ ಕ್ಯೂರ್ ಕಟ್ಟಬೇಡಿ.

ಒತ್ತಡ ಯಾವಾಗ ಕೊಡಬೇಕು

ಇಡೀ ಕೆಲಸದ ಕಷ್ಟದ ಜಾಗ ಇದು. ಬೇಗ ಕೊಟ್ಟರೆ ನೀರು, ಮೆಥನಾಲ್ ಒಳಗೆ ಸಿಕ್ಕಿಬೀಳುತ್ತವೆ, ರೆಸಿನ್ ಕೂಡ ಹೊರಗೆ ಹರಿದುಹೋಗುತ್ತದೆ. ತಡವಾಗಿ ಕೊಟ್ಟರೆ ರೆಸಿನ್ ಆಗಲೇ ಜೆಲ್ ಆಗಿ ಹರಿಯದಂತಾಗಿರುತ್ತದೆ, ಪದರಗಳ ನಡುವಿನ ಜಾಗ ಮುಚ್ಚುವುದಿಲ್ಲ. ನಡುವಿನ ಕಿಟಕಿ ಎಲ್ಲಿದೆ ಅಂತ ರಿಯೋಮೀಟರ್, ಅಂದರೆ ಸ್ನಿಗ್ಧತೆ (ರೆಸಿನ್ ಎಷ್ಟು ಮಂದ ಅನ್ನುವುದು) ಅಳೆಯುವ ಯಂತ್ರ, ತೋರಿಸುತ್ತದೆ. ಇಮೈಡ್ ಆದ ಪುಡಿಯನ್ನು ಒತ್ತಿ ಬಿಲ್ಲೆ ಮಾಡಿ, ಸಮಾನಾಂತರ ತಟ್ಟೆಗಳ ನಡುವೆ ಇಟ್ಟು ನಿಮ್ಮ ಓವನ್ ಏರುವ ವೇಗದಲ್ಲೇ ಬಿಸಿ ಮಾಡಿ. ಸ್ನಿಗ್ಧತೆ ಇಳಿಯುತ್ತ ಬಂದು, 250 ಡಿಗ್ರಿ ಆಸುಪಾಸಿನಲ್ಲಿ ತಳ ಮುಟ್ಟಿ, ಆಮೇಲೆ ಕಡಿದಾಗಿ ಏರುತ್ತದೆ. ತಳ ಮುಟ್ಟುವ ಸ್ವಲ್ಪ ಮೊದಲು ಪೂರ್ತಿ ಒತ್ತಡ ಬಂದಿರಬೇಕು. ಆಟೋಕ್ಲೇವಿನಲ್ಲಿ ಸುಮಾರು 1.4 ಮೆಗಾಪ್ಯಾಸ್ಕಲ್, ಅಂದರೆ 200 ಪಿಎಸ್ಐ ಬಳಸುವುದು ವಾಡಿಕೆ. ಅದನ್ನು ಹಿಡಿದುಕೊಂಡೇ 316 ಡಿಗ್ರಿಗೆ ಹೋಗಿ ಒಂದೆರಡು ಗಂಟೆ ನಿಲ್ಲಿಸುತ್ತಾರೆ.

ಅಲ್ಲಿಯವರೆಗೆ ವ್ಯಾಕ್ಯೂಮ್ ಸಾಕು, ಅದೂ ಮೊದಲಿಗೆ ಹಗುರವಾಗಿ. ತಾಪ ಅಳೆಯುವ ಥರ್ಮೋಕಪಲ್ ಗಾಳಿಯಲ್ಲಲ್ಲ, ಭಾಗಕ್ಕೇ ತಾಗಿರಲಿ. ಪಾಲಿಇಮೈಡ್ ಶಾಖವನ್ನು ತೀರಾ ನಿಧಾನವಾಗಿ ಸಾಗಿಸುತ್ತದೆ. ಕ್ಯಾಪ್ಟಾನ್ ಹಾಳೆಯ ಶಾಖವಾಹಕತೆ ಮೀಟರಿಗೆ, ಕೆಲ್ವಿನ್‌ಗೆ 0.12 ವ್ಯಾಟ್ ಅಷ್ಟೇ. ಆಟೋಕ್ಲೇವ್ ಗಾಳಿ 250 ತೋರಿಸುವಾಗ ದಪ್ಪ ಭಾಗದ ನಡು ಇನ್ನೂ ಬಹಳ ಹಿಂದೆ ಇರಬಹುದು.

ಈ ಗ್ಯಾಸಿನ ರಗಳೆಯೇ ಬೇಡ ಅನ್ನುವವರಿಗೆ ಫಿನೈಲ್ ಎಥೈನೈಲ್ ತುದಿಯ ರೆಸಿನ್‌ಗಳಿವೆ. ನಾಸಾ ಲ್ಯಾಂಗ್ಲಿಯಿಂದ ಬಂದ ಪೆಟಿ ಸರಣಿ ಹೆಸರುವಾಸಿ. ಆ ತುದಿ ಕ್ರಾಸ್‌ಲಿಂಕ್ ಆಗುವಾಗ ಏನನ್ನೂ ಹೊರಗೆ ಬಿಡುವುದಿಲ್ಲ. ಪೆಟಿ-330 ಅನ್ನು ಮೊದಲೇ ಇಮೈಡ್ ಮಾಡಿ ಪುಡಿಯಾಗಿ ಕೊಡುತ್ತಾರೆ. ಸುಮಾರು 280 ಡಿಗ್ರಿಯಲ್ಲಿ ಕರಗಿಸಿ ಅಚ್ಚಿಗೆ ಹರಿಸಿ 371ರಲ್ಲಿ ಕ್ಯೂರ್ ಮಾಡಬಹುದು. ಟಿಜಿ 330ರ ಸುತ್ತ. ಬೆಲೆ ಮಾತ್ರ ಜಾಸ್ತಿ. 371 ಡಿಗ್ರಿ ತಡೆಯುವ ಅಚ್ಚು, ಸೀಲು, ಬ್ಯಾಗ್ ಹುಡುಕುವುದೇ ಒಂದು ಪ್ರಾಜೆಕ್ಟ್ ಆಗಿಬಿಡುತ್ತದೆ.

ಪೋಸ್ಟ್‌ಕ್ಯೂರ್

ಅಚ್ಚಿನಿಂದ ತೆಗೆದ ಪಿಎಂಆರ್-15 ಇನ್ನೂ ಪೂರ್ತಿ ಬೆಂದಿರುವುದಿಲ್ಲ. ಜಾಲ ಬಿಗಿಯಾಗುತ್ತ ಹೋದ ಹಾಗೆ ಟಿಜಿ ಕ್ಯೂರ್ ತಾಪವನ್ನು ಮುಟ್ಟುತ್ತದೆ. ಆಗ ಸರಪಳಿಗಳು ಅಲುಗಾಡದೆ ಕ್ರಿಯೆ ಕುಂಟುತ್ತದೆ. ಅದಕ್ಕೇ ಗಾಳಿ ಓವನ್ನಿನಲ್ಲಿ 316 ಡಿಗ್ರಿಯಲ್ಲಿ 16 ಗಂಟೆ ಇಡುವುದು. ಆಮೇಲೆ ಟಿಜಿ 340 ಡಿಗ್ರಿ ಆಸುಪಾಸಿಗೆ ಬರುತ್ತದೆ. ಏರಿಸುವಾಗ ನಿಧಾನ ಇರಲಿ, 250 ದಾಟಿದ ಮೇಲಂತೂ ಇನ್ನೂ ನಿಧಾನ. ಅಚ್ಚು ಇಲ್ಲದೆ ನಿಂತ ಭಾಗ ತನ್ನ ಟಿಜಿ ದಾಟಿದರೆ ಬಾಗುತ್ತದೆ. ಒಳಗೆ ತೇವ ಉಳಿದಿದ್ದರೆ ಗುಳ್ಳೆ ಏಳುತ್ತದೆ. ಪಾಲಿಇಮೈಡ್ ನೀರು ಹೀರುವುದರಲ್ಲಿ ಕಡಿಮೆ ಏನಲ್ಲ, ಆದ್ದರಿಂದ ಮೊದಲು 120 ಡಿಗ್ರಿಯಲ್ಲಿ ಚೆನ್ನಾಗಿ ಒಣಗಿಸಿ.

ಇಳಿಸುವಾಗಲೂ ಆತುರ ಬೇಡ. ರೆಸಿನ್ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 50 ಭಾಗ ಕುಗ್ಗುತ್ತದೆ. ಕಾರ್ಬನ್ ನಾರು ಉದ್ದಕ್ಕೆ ಕುಗ್ಗುವುದೇ ಇಲ್ಲ ಅನ್ನಬಹುದು. 316ರಿಂದ 25ಕ್ಕೆ ಇಳಿದರೆ ರೆಸಿನ್ ಸುಮಾರು 1.5 ಶೇಕಡಾ ಕುಗ್ಗಲು ನೋಡುತ್ತದೆ, ನಾರು ಬಿಡುವುದಿಲ್ಲ. ಈ ರೆಸಿನ್ ಎಳೆದರೆ ಮುರಿಯುವುದೇ ಸುಮಾರು 1ರಿಂದ 1.5 ಶೇಕಡಾದಲ್ಲಿ. ಅಡ್ಡ ಪದರಗಳಿರುವ ಪಿಎಂಆರ್-15 ಲ್ಯಾಮಿನೇಟಿನಲ್ಲಿ, ಅದೂ ಮತ್ತೆ ಮತ್ತೆ ಬಿಸಿ-ತಂಪು ಕಂಡದ್ದರಲ್ಲಿ, ಸಣ್ಣ ಬಿರುಕು ಏಕೆ ಸಾಮಾನ್ಯ ಅಂತ ಈಗ ಗೊತ್ತಾಯಿತಲ್ಲ.

ಟಿಜಿ ಅಳೆಯುವುದು, ಬರೆಯುವುದು

ಟಿಜಿ ಅಂದರೆ ಗಾಜಿನಂತೆ ಗಡುಸಾಗಿದ್ದ ಪಾಲಿಮರ್ ಮೆದುವಾಗುವ ತಾಪ. ಇಷ್ಟು ಬಿಗಿಯಾದ ಜಾಲದಲ್ಲಿ ಡಿಎಸ್‌ಸಿ ಮೆಟ್ಟಿಲು ಕಾಣಿಸುವುದೇ ಕಷ್ಟ. ಡಿಎಂಎ ಮಾಡಿ, ಅಂದರೆ ಸ್ಯಾಂಪಲನ್ನು ಸಣ್ಣಗೆ ಅಲುಗಿಸುತ್ತ ಬಿಸಿ ಮಾಡಿ ಗಡುಸುತನ ಅಳೆಯಿರಿ. ಕಾಂಪೋಸಿಟ್‌ಗೆ ಎಎಸ್‌ಟಿಎಂ ಡಿ7028 ಪದ್ಧತಿ ಇದೆ: ಬಾಗಿಸುವ ಓಟ, ನಿಮಿಷಕ್ಕೆ 5 ಡಿಗ್ರಿ, 1 ಹರ್ಟ್ಸ್, ಸ್ಟೋರೇಜ್ ಮಾಡ್ಯುಲಸ್ (ಗಡುಸುತನ) ಬೀಳಲು ಶುರುವಾಗುವ ಜಾಗ. ಟ್ಯಾನ್ ಡೆಲ್ಟಾ (ಅಲುಗಾಟದ ಶಕ್ತಿ ಎಷ್ಟು ಶಾಖವಾಗಿ ಹೋಗುತ್ತದೆ ಅನ್ನುವ ಅಳತೆ) ಪೀಕ್ ಇದಕ್ಕಿಂತ 20, 30 ಡಿಗ್ರಿ ಮೇಲೆ ಬರುವುದು ಮಾಮೂಲು. ಕೆಲವರು ಪ್ರಚಾರಕ್ಕೆ ಪೀಕ್ ಬರೆಯುತ್ತಾರೆ, ವಿನ್ಯಾಸ ಮಾಡುವವರಿಗೆ ಬೇಕಿರುವುದು ಬೀಳುವ ಜಾಗ. ಯಾವುದನ್ನು ಬರೆದಿದ್ದೀರಿ ಅಂತ ಹೇಳದ ಟಿಜಿ ಸಂಖ್ಯೆಯನ್ನು ನಾನಂತೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ಒಳ್ಳೆಯ ಅಭ್ಯಾಸ: ಅದೇ ಸ್ಯಾಂಪಲನ್ನು ತಣ್ಣಗೆ ಮಾಡಿ ಎರಡನೇ ಸಲ ಓಡಿಸಿ. ಡಿಎಂಎ ಒಳಗೆ 380 ಡಿಗ್ರಿ ಕಂಡ ಸ್ಯಾಂಪಲ್ ಅಲ್ಲೇ ಇನ್ನಷ್ಟು ಕ್ಯೂರ್ ಆಗಿರುತ್ತದೆ. ಎರಡನೇ ಓಟದ ಟಿಜಿ ಮೊದಲನೆಯದಕ್ಕಿಂತ ತುಂಬ ಮೇಲೆ ಬಂದರೆ ನಿಮ್ಮ ಪೋಸ್ಟ್‌ಕ್ಯೂರ್ ಸಾಲದು. ಹತ್ತಿರ ಹತ್ತಿರ ಬಂದರೆ ಸಾಕು. ವರದಿಯಲ್ಲಿ ಹಾಕಬೇಕಾದದ್ದು ಮೊದಲ ಓಟದ್ದೇ. ತೇವ ಹೀರಿದ ಸ್ಯಾಂಪಲ್ ಒಂದನ್ನು ಪ್ರತ್ಯೇಕವಾಗಿ ಓಡಿಸಿ, ಟಿಜಿ ಎಷ್ಟು ಕೆಳಗೆ ಬರುತ್ತದೆ ಅಂತ ನೋಡುವುದೂ ಒಳ್ಳೆಯದು.

ಗಾಳಿಯಲ್ಲಿ ಎಷ್ಟು ದಿನ ಬಾಳುತ್ತದೆ

ಟಿಜಿಎಯಲ್ಲಿ 500 ಡಿಗ್ರಿವರೆಗೆ ತೂಕ ಇಳಿಯಲಿಲ್ಲ, ಆದ್ದರಿಂದ ರೆಸಿನ್ 500 ತಡೆಯುತ್ತದೆ ಅನ್ನುವ ವಾದ ಆಗಾಗ ಕಿವಿಗೆ ಬೀಳುತ್ತದೆ. ಒಂದು ಗಂಟೆಯ ಓಟ ಅದು, ಅದೂ ನೈಟ್ರೋಜನ್‌ನಲ್ಲಿ. ಎಂಜಿನ್ ಭಾಗ ಗಾಳಿಯಲ್ಲಿ ಸಾವಿರಾರು ಗಂಟೆ ಇರಬೇಕು. ಗಾಳಿಯಲ್ಲಿ ಆಮ್ಲಜನಕ ಮೇಲ್ಮೈಯಿಂದ ತಿನ್ನುತ್ತ ಬರುತ್ತದೆ. ಎಂಡಿಎಯಿಂದ ಬಂದ ಮೆಥಿಲೀನ್ ಕೊಂಡಿ ಮತ್ತು ನಾಡಿಕ್ ತುದಿಯಿಂದ ಬಂದ ಭಾಗಗಳು ಮೊದಲು ಸಿಗುವ ತುತ್ತು. ಮೇಲೆ ಆಮ್ಲಜನಕ ತಿಂದ ತೆಳುವಾದ ಪದರ ಕಟ್ಟಿ, ಅದು ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನ ಮೂಲಕ ಗಾಳಿ ಮತ್ತೆ ಒಳಗೆ. ನಡುಭಾಗ ಮಾತ್ರ ಬಹಳ ಕಾಲ ಹಾಗೇ ಇರುತ್ತದೆ.

ಹಾಗಾಗಿ 288 ಅಥವಾ 316 ಡಿಗ್ರಿಯಲ್ಲಿ ಗಾಳಿ ಹರಿಯುವ ಓವನ್ನಿನಲ್ಲಿ ಇಟ್ಟು ಆಗಾಗ ತೂಗುವುದೇ ನಿಜವಾದ ಪರೀಕ್ಷೆ. ಬೇಗ ಮುಗಿಸಲು 370 ಡಿಗ್ರಿಗೆ ಹಾಕಬೇಡಿ. ಅದು ಟಿಜಿ ದಾಟಿದ ಜಾಗ, ಅಲ್ಲಿ ಕೆಡುವ ರೀತಿಯೇ ಬೇರೆ.

ಸ್ಯಾಂಪಲ್ ಅಳತೆಯನ್ನು ಹಗುರವಾಗಿ ಎಣಿಸಬೇಡಿ. 3 ಮಿಲಿಮೀಟರ್ ದಪ್ಪದ 50ಕ್ಕೆ 50 ಮಿಲಿಮೀಟರ್ ತುಂಡಿನಲ್ಲಿ ಪ್ರತಿ ಘನ ಮಿಲಿಮೀಟರಿಗೆ 0.75 ಚದರ ಮಿಲಿಮೀಟರ್ ಮೇಲ್ಮೈ ಸಿಗುತ್ತದೆ. ಅದೇ ದಪ್ಪದ 10ಕ್ಕೆ 10 ತುಂಡಿನಲ್ಲಿ 1.07. ರೆಸಿನ್ ಒಂದೇ ಆದರೂ ಚಿಕ್ಕ ತುಂಡಿನ ಶೇಕಡಾ ನಷ್ಟ ದೊಡ್ಡದರದಕ್ಕಿಂತ ನೂರಕ್ಕೆ 40ಕ್ಕೂ ಹೆಚ್ಚು ಪಾಲು ಜಾಸ್ತಿ ಕಾಣುತ್ತದೆ. ಕಾಂಪೋಸಿಟ್ ಆದರೆ ಇನ್ನೂ ಮೋಸ. ಕತ್ತರಿಸಿದ ಅಂಚಿನಲ್ಲಿ ನಾರಿನ ತುದಿಗಳು ತೆರೆದಿರುತ್ತವೆ, ಅಲ್ಲಿಂದ ಗಾಳಿ ಬೇಗ ಒಳಗೆ ಹೋಗುತ್ತದೆ. ದೊಡ್ಡ ತುಂಡಿನ ಮೇಲ್ಮೈಯಲ್ಲಿ ಅಂಚಿನ ಪಾಲು 11 ಶೇಕಡಾ, ಚಿಕ್ಕದರಲ್ಲಿ 37.5. ಅದಕ್ಕೇ ನಷ್ಟವನ್ನು ಚದರ ಸೆಂಟಿಮೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಬರೆಯಿರಿ, ತುಂಡಿನ ಮೂರೂ ಅಳತೆ ಜೊತೆಗಿರಲಿ. ಓವನ್ನಿನಿಂದ ತೆಗೆದ ತುಂಡು ಹೊರಗೆ ಇಟ್ಟರೆ ತಣ್ಣಗಾಗುವಷ್ಟರಲ್ಲಿ ತೇವ ಹೀರಿಕೊಳ್ಳುತ್ತದೆ. ನೇರ ಡೆಸಿಕೇಟರಿಗೆ ಹಾಕಿ, ಪ್ರತಿ ಸಲವೂ ಅಷ್ಟೇ ಹೊತ್ತು ಬಿಟ್ಟು ತೂಗಿ.